ಮಾಲೀಕರ ತಲೆಗೊಂದು ಛಾವಣಿ

"ಫ್ಯಾನ್ ನಿಲ್ಸಿ!"

ಕೊಡೆಯ ಹಿಡಿಯನ್ನು ಎರಡೂ ಕೈಗಳಿಂದ ಅವುಚಿಕೊಂಡು, ಒಂದು ಕಾಲನ್ನು ಗೋಡೆಗೆ ಒತ್ತಿ, ಬಿರುಗಾಳಿಗೆ ಎದುರಾಗಿ ಅರ್ಧ ಮಲಗಿದಂತೆ ನಿಂತಿದ್ದ ಪರೀಕ್ಷಕನಿಗೆ ಆ ಮಾತು ಕೇಳಿಸಲಿಲ್ಲ. ಬಾಗಿಲ ಗಾಜಿನಾಚೆ ಒಂದು ಬಾಯಿ ತೆರೆದು ಮುಚ್ಚುತ್ತಿರುವುದು ಮಾತ್ರ ಕಾಣಿಸಿತು. ಮೀಸೆ ನೋಡಿದ. ಮಾಲೀಕರ ಮೀಸೆ. ಗಾಬರಿಯಿಂದ ಕಾಲು ಚಾಚಿ ಹೆಬ್ಬೆರಳಿನಿಂದ ಸ್ವಿಚ್ಚು ಒತ್ತಿದ. ಗಾಳಿ ನಿಂತಿತು. ಅಷ್ಟು ಹೊತ್ತು ಗಾಳಿಗೆ ಒರಗಿ ನಿಂತಿದ್ದವನು ಒರಗಲು ಏನೂ ಇಲ್ಲದೆ ಕೊಡೆಯ ಸಮೇತ ಮುಂದಕ್ಕೆ ಬಿದ್ದ.

ಮಾಲೀಕರು ತಕ್ಷಣ ಒಳಗೆ ಬರಲಿಲ್ಲ. ಗೋಡೆಯಷ್ಟು ಅಗಲದ ಆ ಫ್ಯಾನಿನ ರೆಕ್ಕೆಗಳು ಸುತ್ತುತ್ತ, ನಿಧಾನವಾಗುತ್ತ, ಕೊನೆಯ ರೆಕ್ಕೆ ಸಂಪೂರ್ಣ ನಿಲ್ಲುವವರೆಗೂ ಹೊಸ್ತಿಲಾಚೆಯೇ ಕಾದರು. ಆಮೇಲೆ ಒಳಗೆ ಕಾಲಿಟ್ಟು ಬಾಗಿಲು ಹಾಕಿದರು.

ಇದನ್ನು ಪರೀಕ್ಷಕ ನೆಲದ ಮೇಲಿನಿಂದಲೇ ಗಮನಿಸಿದ. ಗಮನಿಸುವುದು ಅವನ ಕಸುಬು. ಆ ಕೊಡೆ ಕಾರ್ಖಾನೆಯಲ್ಲಿ ತಯಾರಾದ ಪ್ರತಿ ಕಂತೆಯಿಂದ ಒಂದು ಕೊಡೆಯನ್ನು ಎತ್ತಿಕೊಂಡು ಗಾಳಿ ಕೋಣೆಗೆ ಬಂದು, ಬಿಚ್ಚಿ, ಮುಚ್ಚಿ, ಅರ್ಧಕ್ಕೆ ನಿಲ್ಲಿಸಿ, ಕಡ್ಡಿ ಹಿಡಿದು ಕಿತ್ತುಬರುವ ತನಕ ಎಳೆದು, ಅದು ಎಷ್ಟು ತಡೆಯಿತು ಎಂದು ನೋಡಿದ ಮೇಲೇ ಉಳಿದವುಗಳಿಗೆ ಅವನು ಮುದ್ರೆ ಒತ್ತುತ್ತಿದ್ದ. ಹೀಗೆ ದಿನವಿಡೀ ದೋಷ ಹುಡುಕಿ ಹುಡುಕಿ, ಯಾರಾದರೂ ಚಹಾ ಕೊಟ್ಟರೂ ಮೊದಲು ಲೋಟದ ತಳ ತಿರುಗಿಸಿ ನೋಡುವ ಮಟ್ಟಕ್ಕೆ ಬಂದಿದ್ದ. ಚಹಾ ಚೆಲ್ಲಿದ ಮೇಲೆ, ಅನುಮಾನ ಸರಿಯಾಗಿತ್ತು ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದ.

"ಏಳಿ, ಏಳಿ. ಒಂದು ಸಲಹೆ ಬೇಕಿತ್ತು," ಎಂದರು ಮಾಲೀಕರು.

"ನನ್ನಿಂದಲಾ, ಸರ್?"

"ಮತ್ತಿನ್ಯಾರಿಂದ? ತೆರೆಯೋದು, ಮುಚ್ಚೋದು, ಮಡಚೋದು. ಈ ವಿಷಯದಲ್ಲಿ ನಿಮಗಿಂತ ತಿಳಿದವರು ಯಾರಿದಾರೆ?"

ಅವರು ಕೋಟಿನ ಜೇಬಿನಿಂದ ಎರಡು ಚಿತ್ರ ತೆಗೆದು ಮೇಜಿನ ಮೇಲಿಟ್ಟರು. ಎರಡರಲ್ಲೂ ಒಂದೇ ಕೆಂಪು ಕಾರು. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹೊಂಚು ಹಾಕಿದ ಪ್ರಾಣಿಯಂತಿತ್ತು. ಒಂದಕ್ಕೆ ಉಕ್ಕಿನ ಛಾವಣಿ ಇತ್ತು. ಇನ್ನೊಂದಕ್ಕೆ ಸೀಟಿನ ಮೇಲೆ ಆಕಾಶ ಬಿಟ್ಟರೆ ಬೇರೇನೂ ಇರಲಿಲ್ಲ.

"ಇದು ಕೂಪೆ. ಛಾವಣಿ ಗಟ್ಟಿ, ತೆಗೆಯೋಕಾಗಲ್ಲ. ಇದು ಕನ್ವರ್ಟಿಬಲ್. ಬಟ್ಟೆ ಛಾವಣಿ, ಬೇಡ ಅಂದಾಗ ಮಡಚಿಕೊಂಡು ಹಿಂದಕ್ಕೆ ಹೋಗುತ್ತೆ. ನಮ್ಮ ಕೊಡೆ ಹಾಗೇ. ಈ ವಯಸ್ಸಲ್ಲಿ ಒಂದು ಆಸೆ. ಯಾವುದು ತಗೊಳ್ಳಲಿ, ಹೇಳಿ?"

ಪರೀಕ್ಷಕ ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು, ಅವನ ಅಪ್ಪಣೆ ಇಲ್ಲದೆಯೇ, ಮಾಲೀಕರ ಹಣೆ ಹತ್ತಿ, ಅಲ್ಲಿಂದ ಮೇಲಕ್ಕೆ ಹೋಗಿ, ಆ ಕಪ್ಪನೆಯ, ಅಚ್ಚುಕಟ್ಟಾದ ಕೂದಲನ್ನು ಮುಟ್ಟಿ, ಕಳ್ಳನಂತೆ ಕೆಳಗಿಳಿಯಿತು. ಮಾಲೀಕರು ನೋಡಿದರೋ ಇಲ್ಲವೋ ಗೊತ್ತಾಗಲಿಲ್ಲ. ನೋಡಿದರು ಎಂದೇ ಅವನಿಗೆ ಅನ್ನಿಸಿತು.

"ಈಗಲೇ ಹೇಳ್ಬೇಡಿ. ನಾನು ಮನೆಗೆ ಹೋಗಿ ಊಟ ಮುಗಿಸಿ ಬರ್ತೀನಿ. ಇಬ್ಬರೂ ಶೋರೂಮಿಗೆ ಹೋಗೋಣ. ಕಣ್ಣಾರೆ ನೋಡಿ ಹೇಳಿ." ಬಾಗಿಲವರೆಗೆ ಹೋದವರು ತಿರುಗಿದರು. "ಹಾಂ, ಸಾಯಂಕಾಲ ಮುಖ್ಯ ಪರೀಕ್ಷಕರ ಹೆಸರು ಹೇಳಿಬಿಡೋಣ ಅಂತಿದೀನಿ. ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ."

ಸಂಬಂಧ ಇಲ್ಲ ಎಂದು ಯಾರೂ ಕೇಳದೆಯೇ ಹೇಳಿದ ಮೇಲೆ ಸಂಬಂಧ ಇದ್ದೇ ಇರಬೇಕು.

ಮುಖ್ಯ ಪರೀಕ್ಷಕರ ಕೋಣೆಯಲ್ಲಿ ಕಿಟಕಿ ಇತ್ತು. ಕುರ್ಚಿ ಇತ್ತು. ಗಾಳಿ ಇರಲಿಲ್ಲ. ನಮ್ಮ ಪರೀಕ್ಷಕನಿಗೆ ಬೇಕಾಗಿದ್ದದ್ದು ಅಷ್ಟೇ. ವರ್ಷಗಟ್ಟಲೆ ಬಿರುಗಾಳಿಯಲ್ಲಿ ನಿಂತು ಅವನ ಮೂಗು ಎಲ್ಲ ಋತುವಿನಲ್ಲೂ ಸೋರುತ್ತಿತ್ತು. ಕತ್ತು ಒಂದೇ ಕಡೆಗೆ ವಾಲಿತ್ತು. ಕಿವಿಯಲ್ಲಿ ಹಗಲೂ ರಾತ್ರಿ ಹುಯ್ ಎನ್ನುವ ಸದ್ದು. ಮನೆಯಲ್ಲಿ ಹೆಂಡತಿ ಪಕ್ಕದಲ್ಲೇ ಕೂತು ಮಾತಾಡಿದರೂ ಬೆಟ್ಟದಾಚೆಯಿಂದ ಕೂಗಿದಂತೆ ಕೇಳುತ್ತಿತ್ತು. ಹಳೆಯ ಮುಖ್ಯ ಪರೀಕ್ಷಕರು ನಿವೃತ್ತರಾದಂದಿನಿಂದ ಅವನು ದಿನಕ್ಕೊಮ್ಮೆ ಆ ಕೋಣೆಯ ಮುಂದೆ ನಡೆದುಹೋಗುತ್ತಿದ್ದ. ಕಿಟಕಿಯ ಬಳಿ ಸುಮ್ಮನೆ ಕೂತಿರುವ ಖಾಲಿ ಕುರ್ಚಿಯನ್ನು ನೋಡಿ ಅದಕ್ಕೆಷ್ಟು ಸುಖ ಎಂದುಕೊಳ್ಳುತ್ತಿದ್ದ.

ಮಾಲೀಕರು ಅತ್ತ ಹೋದದ್ದೇ ತಡ, ಕ್ಯಾಂಟೀನಿನಲ್ಲಿ ಮೂರು ಜನ ಅವನನ್ನು ಮುತ್ತಿಕೊಂಡರು.

"ಗಾಳಿ ಕೋಣೆಗೆ ಬಂದಿದ್ರಾ? ಅವರಾ? ಬಾಗಿಲು ಹಾಕ್ಕೊಂಡ್ರಾ?" ಎಂದಳು ಹೊಲಿಗೆ ವಿಭಾಗದ ಹಿರಿಯಕ್ಕ. ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಅಕ್ಕ, ಅವಳಿಗಿಂತ ದೊಡ್ಡವರಿಗೂ.

"ಏನಂದ್ರು ಭಾವ?" ಎಂದ ಉಗ್ರಾಣ ನೋಡಿಕೊಳ್ಳುವವನು. ಅವನು ಪರೀಕ್ಷಕನ ಹೆಂಡತಿಯ ತಮ್ಮ. ಅವನ ಕಿವಿಗೆ ಬಿದ್ದ ಸುದ್ದಿ ಅವನು ಊಟದ ಡಬ್ಬಿ ತೆರೆಯುವ ಮೊದಲೇ ಪರೀಕ್ಷಕನ ಹೆಂಡತಿಗೆ ತಲುಪಿರುತ್ತಿತ್ತು.

ಮೂರನೆಯವನು ಏನೂ ಕೇಳಲಿಲ್ಲ. ಕುರ್ಚಿ ಎಳೆದುಕೊಂಡು ಕೂತ. ಕಡ್ಡಿ ವಿಭಾಗದ ಮುಖ್ಯಸ್ಥನಾದ್ದರಿಂದ ಅವನನ್ನು ಕಡ್ಡಿ ಎನ್ನುತ್ತಿದ್ದರು. ಮನುಷ್ಯ ಮಾತ್ರ ಹೊಸ ದಿಂಬಿನಂತಿದ್ದ. ಕಿಟಕಿಯಿರುವ ಆ ಕೋಣೆಯ ಮೇಲೆ ಅವನಿಗೂ ಕಣ್ಣಿತ್ತು.

ಪರೀಕ್ಷಕ ಕಾರಿನ ವಿಷಯ ಹೇಳಿದ. ಮೂವರೂ ಒಟ್ಟಿಗೆ, ಪಿಸುದನಿಯಲ್ಲಿ, ಒಂದೇ ಪದ ಹೇಳಿದರು.

"ವಿಗ್!"

ಮಾಲೀಕರ ಕೂದಲು ನಿಜವೋ ವಿಗ್ಗೋ ಎಂಬುದು ಆ ಕಾರ್ಖಾನೆಯ ಏಕೈಕ ಧಾರ್ಮಿಕ ಪ್ರಶ್ನೆಯಾಗಿತ್ತು. ಆಸ್ತಿಕರಿದ್ದರು, ನಾಸ್ತಿಕರಿದ್ದರು. ಅವರ ಕೋಣೆಯ ಸೀಲಿಂಗ್ ಫ್ಯಾನ್ ಬಿಚ್ಚಿಸಿದ್ದು ಯಾಕೆ ಎಂದು ನಾಸ್ತಿಕರು ಕೇಳುತ್ತಿದ್ದರು. ಕೂದಲು ಬೆಳೆದದ್ದನ್ನಾಗಲಿ, ಕತ್ತರಿಸಿದ್ದನ್ನಾಗಲಿ ಕಂಡವರುಂಟೇ? ಬಯಲಲ್ಲಿ ನಿಂತು ಎಲ್ಲರ ಜೊತೆ ಫೋಟೋ ತೆಗೆಸಿಕೊಳ್ಳುವಾಗ ಮಾಲೀಕರೊಬ್ಬರೇ ಕೊಡೆ ಬಿಚ್ಚಿ ಹಿಡಿಯುವುದು ಬರೀ ವ್ಯಾಪಾರದ ಪ್ರಚಾರಕ್ಕೇ? ಆಸ್ತಿಕರ ಬಳಿ ಇದ್ದದ್ದು ಅಕ್ಕನ ಸಾಕ್ಷಿಯೊಂದೇ.

"ಕಿವಿ ಹತ್ರ ಒಂದು ಬಿಳಿ ಕೂದಲು ನೋಡಿದೀನಿ ನಾನು. ವಿಗ್ಗಿಗೆ ಬಿಳಿ ಕೂದಲು ಬರುತ್ತಾ?"

"ಅದನ್ನೂ ಅಂಟಿಸಿರ್ತಾರೆ, ನಿಮ್ಮಂಥೋರು ನಂಬಲಿ ಅಂತ," ಎಂದ ಕಡ್ಡಿ. ಪರೀಕ್ಷಕನ ಕಡೆ ತಿರುಗಿ ದನಿ ಸಿಹಿ ಮಾಡಿದ. "ತೆರೆದ ಕಾರೇ ಒಳ್ಳೇದು ಅಂತ ಹೇಳಿಬಿಡಪ್ಪ. ಮುಗೀತು. ಒಂದು ಸುತ್ತು ಹೋಗಿ ಬರಲಿ, ಸತ್ಯ ತಾನೇ ಹಾರಿ ಬೀಳುತ್ತೆ."

"ಬೇಡ!" ಎಂದಳು ಅಕ್ಕ. "ಮುಚ್ಚಿದ ಕಾರು ಅನ್ನು. ಇರಲಿ, ಇಲ್ಲದಿರಲಿ, ಮನುಷ್ಯನ ಮಾನ ಅದು."

"ಮುಚ್ಚಿದ ಕಾರು ಅಂದ್ರೆ ಏನರ್ಥ ಗೊತ್ತಾ ಭಾವ?" ಎಂದ ಉಗ್ರಾಣದವನು, ರೊಟ್ಟಿಯ ಚೂರನ್ನು ಗಾಳಿಯಲ್ಲಿ ನಿಲ್ಲಿಸಿ. "ನಿಮಗೆ ವಿಗ್ಗಿನ ವಿಷಯ ಗೊತ್ತು ಅಂತ ಅರ್ಥ. ತೆರೆದ ಕಾರು ಅಂದ್ರೆ ಅದು ಹಾರಿಹೋಗಲಿ ಅಂತ ನಿಮಗಾಸೆ ಅಂತ ಅರ್ಥ."

"ಎರಡೂ ಚೆನ್ನಾಗಿದೆ ಅಂದ್ರೆ?"

"ಎರಡು ಕಾರಲ್ಲಿ ಒಂದನ್ನ ಆರಿಸೋಕೆ ಬರದೇ ಇರೋನು ಮುಖ್ಯ ಪರೀಕ್ಷಕ ಆಗೋದು ಹೇಗೆ?" ಎಂದ ಕಡ್ಡಿ, ತುಂಬ ಕಾಳಜಿಯಿಂದ.

ಪರೀಕ್ಷಕ ತನ್ನ ಲೋಟದ ತಳ ನೋಡಿದ. ಚಹಾ ಮೊಣಕಾಲಿನ ಮೇಲೆ ಸುರಿಯಿತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ.

"ಏನ್ರೀ, ಕಾರು ತಗೊಳ್ತಿದೀರಂತೆ? ಅದೂ ಛಾವಣಿ ಇಲ್ದೇ ಇರೋದು?"

ಪರೀಕ್ಷಕ ಭಾವಮೈದನನ್ನು ನೋಡಿದ. ಅವನು ಡಬ್ಬಿಯೊಳಗೆ ಮುಖ ಹಾಕಿ ಅತ್ಯಂತ ಶ್ರದ್ಧೆಯಿಂದ ಉಣ್ಣುತ್ತಿದ್ದ.

"ನಾನಲ್ಲ ಕಣೇ, ಮಾಲೀಕರು."

"ಅವರು ತಗೊಂಡ್ರೆ ನೀವ್ಯಾಕೆ ಹೋಗ್ತಿದೀರಿ?"

"ಆರಿಸೋಕೆ."

"ಪರದೆ ಬಟ್ಟೆ ಆರಿಸೋಕೆ ಬನ್ನಿ ಅಂತ ಎಷ್ಟು ವರ್ಷದಿಂದ ಗೋಗರೀತಿದೀನಿ, ನನಗೆ ಬಣ್ಣ ತಿಳಿಯಲ್ಲ ಅಂತೀರಿ. ಕಾರು ಮಾತ್ರ ತಿಳಿಯುತ್ತಾ? ಇರ್ಲಿ, ಎಷ್ಟು ಜನ ಕೂರಬಹುದು ಅದ್ರಲ್ಲಿ?"

"ಇಬ್ಬರು."

ಫೋನಿನಾಚೆ ಪಾತ್ರೆ ಕುಕ್ಕಿದ ಸದ್ದಾಯಿತು.

"ಇಬ್ಬರೇ? ಅವರ ಮನೇಲಿ ಹೆಂಡ್ತಿ, ಅತ್ತೆ, ಮೂರು ಮಕ್ಕಳಿದಾರಲ್ರೀ. ಆ ಎರಡನೇ ಸೀಟು ಯಾರಿಗೆ? ನಿಮಗೆ ಗೊತ್ತು. ಗೊತ್ತಿದ್ದೂ ಜೊತೆ ಹೋಗ್ತಿದೀರಿ. ಮನೆಗೆ ಬನ್ನಿ, ಮಾತಾಡ್ತೀನಿ."

ಮಾಲೀಕರು ಊಟ ಮುಗಿಸಿ ಬಂದಾಗ ಪರೀಕ್ಷಕ ಗೇಟಿನ ಬಳಿ, ಹೊಸ ಮಾದರಿಯ ಕೊಡೆಯೊಂದನ್ನು ಕಂಕುಳಲ್ಲಿ ಅದುಮಿಕೊಂಡು ನಿಂತಿದ್ದ. ಎಲ್ಲಿಗೆ ಹೋದರೂ ಒಂದು ಕೊಡೆ ಒಯ್ಯುವುದು ಅವನ ರೂಢಿ. ಮಾಲೀಕರ ಹಳೆಯ ಕಾರಿನಲ್ಲಿ ಕೂತವನು ದಾರಿಯುದ್ದಕ್ಕೂ ಎಡಗಡೆಯ ಕಿಟಕಿಯನ್ನೇ ನೋಡುತ್ತಿದ್ದ, ಮತ್ತೆ ಕಣ್ಣು ಮೇಲೆ ಹತ್ತೀತೆಂಬ ಭಯದಲ್ಲಿ.

"ಕತ್ತು ನೋವಾ?" ಎಂದರು ಮಾಲೀಕರು.

"ಅಭ್ಯಾಸ, ಸರ್."

ಶೋರೂಮಿನ ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಪರೀಕ್ಷಕ ನೀರಿನ ಮೇಲೆ ಕಾಲಿಡುವವನಂತೆ ಪ್ಯಾಂಟು ಎತ್ತಿ ನಡೆದ. ನಡುವೆ ಎರಡೂ ಕಾರುಗಳು ಅಕ್ಕಪಕ್ಕ ನಿಂತಿದ್ದವು. ಮೂಲೆಯಿಂದ ಸೇಲ್ಸ್‌ಮನ್ ಹೊರಟ. ಅವನಿಗಿಂತ ಮೊದಲು ಅವನ ನಗು ಬಂದು ತಲುಪಿತು.

ಪರೀಕ್ಷಕ ನಮಸ್ಕಾರಕ್ಕೆ ಕೈ ಎತ್ತುವ ಬದಲು ಜೇಬಿನಿಂದ ಸಣ್ಣ ಟಾರ್ಚು, ಭೂತಗನ್ನಡಿ, ತುದಿ ಬಾಗಿದ ಒಂದು ಕೊಕ್ಕೆ ತೆಗೆದ. ಸೇಲ್ಸ್‌ಮನ್ನಿನ ನಗು ಅರ್ಧಕ್ಕೆ ಇಳಿಯಿತು.

"ತಾವು ಯಾವ ಕಂಪನಿಯಿಂದ ಬಂದಿರೋದು?" ಎಂದ ಅನುಮಾನದಿಂದ.

"ಕೊಡೆ."

"ಏನು ಕೊಡ್ಲಿ ಸರ್?"

"ಕೊಡೆ ಕಾರ್ಖಾನೆ ಕಣ್ರೀ ನಮ್ದು," ಎಂದರು ಮಾಲೀಕರು. "ಅವರು ಪರೀಕ್ಷೆ ಮಾಡ್ಲಿ. ನೀವು ಹೇಳ್ತಾ ಹೋಗಿ."

ಸೇಲ್ಸ್‌ಮನ್ ಉಕ್ಕಿನ ಛಾವಣಿಯ ಕಾರಿನ ಬಗ್ಗೆ ನಾಲ್ಕು ಮಾತಾಡಿ, ತೆರೆದ ಕಾರಿನ ಬಳಿ ಬಂದು ಕಣ್ಣು ಅರೆಮುಚ್ಚಿದ.

"ಸರ್, ಇದರ ಸುಖವೇ ಬೇರೆ. ಈ ಗುಂಡಿ ಒತ್ತಿದ್ರೆ ಸಾಕು, ತಲೆ ಮೇಲೆ ಇರೋದು ತಾನಾಗೇ ಏಳುತ್ತೆ—"

ಪರೀಕ್ಷಕನ ಟಾರ್ಚು ನೆಲಕ್ಕೆ ಬಿತ್ತು.

"—ಎದ್ದು ಸದ್ದಿಲ್ದೆ ಹಿಂದಕ್ಕೆ ಹೋಗಿಬಿಡುತ್ತೆ. ಮೊದಲು ಅಲ್ಲಿ ಏನಾದ್ರೂ ಇತ್ತು ಅಂತ ನೋಡಿದೋರಿಗೆ ಗೊತ್ತೇ ಆಗಲ್ಲ—"

ಪರೀಕ್ಷಕ ಕೆಮ್ಮಿದ. ಕೆಮ್ಮು ಸಾಲದೆ ಸೀನಿದ.

"—ಆಮೇಲೆ ನೋಡಿ ಸರ್, ಕೂದಲಲ್ಲಿ ಗಾಳಿ—"

"ಬೆಲೆ!" ಎಂದು ಕಿರುಚಿದ ಪರೀಕ್ಷಕ. ಶೋರೂಮಿನ ಗಾಜುಗಳು ಅದನ್ನು ಮತ್ತೊಮ್ಮೆ ಹೇಳಿದವು. "ಬೆಲೆ ಹೇಳ್ರೀ ಮೊದಲು. ಗಾಳಿ ಎಲ್ಲ ಆಮೇಲೆ."

ಮಾಲೀಕರು ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ಅವನನ್ನೇ ನೋಡುತ್ತಿದ್ದರು.

"ಬೆಲೆ ನನಗೆ ಬಿಡಿ. ನಿಮ್ಮ ತೀರ್ಮಾನ ಹೇಳಿ. ಯಾವುದು?"

ಪರೀಕ್ಷಕ ಎರಡೂ ಕಾರುಗಳನ್ನು ನೋಡಿದ. ತಲೆಯೊಳಗೆ ಅಕ್ಕ, ಕಡ್ಡಿ, ಭಾವಮೈದ ಮೂವರೂ ಒಟ್ಟಿಗೆ ಕೂಗುತ್ತಿದ್ದರು. ಕೊನೆಗೆ ಅಕ್ಕ ಗೆದ್ದಳು.

"ಮುಚ್ಚಿದ್ದು, ಸರ್."

"ಯಾಕೆ?"

"ಛಾವಣಿ ಗಟ್ಟಿ."

"ತೆರೆದಿದ್ರೆ ಏನು ತೊಂದರೆ?"

"ಗಾಳಿ, ಸರ್."

"ಗಾಳಿ ಬಂದ್ರೆ?"

"ಧೂಳು ಬರುತ್ತೆ."

"ಧೂಳು ಬಂದ್ರೆ?"

"ಕಣ್ಣಿಗೆ ಬೀಳುತ್ತೆ."

"ಕನ್ನಡಕ ಹಾಕ್ಕೊಳ್ತೀನಿ. ಆಮೇಲೆ?"

"ಕಿವಿಗೆ ಬೀಳುತ್ತೆ."

"ಹತ್ತಿ ಇಟ್ಕೊಳ್ತೀನಿ." ಮಾಲೀಕರು ಒಂದು ಹೆಜ್ಜೆ ಹತ್ತಿರ ಬಂದರು. "ಕಣ್ಣು ಆಯ್ತು, ಕಿವಿ ಆಯ್ತು. ಅದಕ್ಕಿಂತ ಮೇಲೆ ಏನಾದ್ರೂ ಇದೆಯಾ?"

"ಏನೂ ಇಲ್ಲ, ಸರ್!" ಎಂದ ಪರೀಕ್ಷಕ. ಹೇಳಿದ ಮೇಲೆ ಹೇಳಿದ್ದೇನು ಎಂದು ಅವನಿಗೆ ಕೇಳಿಸಿತು. "ಅಂದ್ರೆ, ಇದೆ ಸರ್. ಇರೋದು ಇದೆ. ತುಂಬಾ ಇದೆ. ನಾನು ಹೇಳಿದ್ದು ಛಾವಣಿ. ಬಟ್ಟೆ ಛಾವಣಿ ನಂಬೋಕಾಗಲ್ಲ, ಅಷ್ಟೇ."

"ಮುಟ್ಟದೇ ಹೇಗೆ ಹೇಳ್ತೀರಿ? ಪರೀಕ್ಷೆ ಮಾಡಿ."

ಇದು ಅಪ್ಪಣೆ. ಪರೀಕ್ಷೆ ಎಂಬ ಪದ ಕೇಳಿದ್ದೇ ಪರೀಕ್ಷಕನ ಎದೆಬಡಿತ ನೆಟ್ಟಗಾಯಿತು. ಬೆಳಗಿನಿಂದ ಮೊದಲ ಬಾರಿಗೆ ಅವನಿಗೆ ತಿಳಿದ ಕೆಲಸ ಸಿಕ್ಕಿತ್ತು. ಗುಂಡಿ ಒತ್ತಿಸಿದ. ಬಟ್ಟೆ ಛಾವಣಿ ಎದ್ದಿತು, ಮಡಚಿತು. ಮತ್ತೆ ಒತ್ತಿಸಿದ. ಬಿಚ್ಚಿಕೊಂಡು ಬಂತು. ಒಳಗಿನ ಕಡ್ಡಿಗಳನ್ನು ಭೂತಗನ್ನಡಿಯಲ್ಲಿ ನೋಡಿದ. ಕೊಡೆಯ ಕಡ್ಡಿಗಳೇ, ದೊಡ್ಡ ಮನೆತನದವು ಅಷ್ಟೇ.

"ಈಗ ಅರ್ಧಕ್ಕೆ ನಿಲ್ಲಿಸಿ," ಎಂದ ಸೇಲ್ಸ್‌ಮನ್ನಿಗೆ.

"ಅರ್ಧಕ್ಕೆ ಯಾರೂ ನಿಲ್ಲಿಸಲ್ಲ ಸರ್."

"ಕೊಡೆ ಮುರಿಯೋದೇ ಅರ್ಧ ಬಿಚ್ಚಿದಾಗ. ನಿಲ್ಲಿಸಿ."

ಛಾವಣಿ ಬಾಯಿ ತೆರೆದ ಮೊಸಳೆಯಂತೆ ಅರ್ಧಕ್ಕೆ ನಿಂತಿತು. ಪರೀಕ್ಷಕ ಕೊಕ್ಕೆಯನ್ನು ನಡುವಿನ ಕಡ್ಡಿಗೆ ಸಿಕ್ಕಿಸಿ, ಒಂದು ಕಾಲನ್ನು ಬಾಗಿಲಿಗೆ ಒತ್ತಿ, ದಿನವೂ ಎಳೆಯುವಂತೆ ಎಳೆದ. ಅವನ ಕೈಗಳಿಗೆ ಬರುತ್ತಿದ್ದದ್ದು ಅದೊಂದೇ ಬಗೆಯ ಎಳೆತ.

ಟಕ್.

ಸಣ್ಣ ಸದ್ದು. ಆದರೆ ಸೇಲ್ಸ್‌ಮನ್ನಿನ ಮುಖದ ಮೇಲಿನ ನಗು ಅದರೊಂದಿಗೇ ಕಳಚಿಬಿತ್ತು. ಛಾವಣಿ ಒಮ್ಮೆ ನಡುಗಿ, ಸೋತವರಂತೆ ಹಿಂದಕ್ಕೆ ಬಿದ್ದು, ಮಡಚಿಕೊಂಡಿತು. ಗುಂಡಿ ಒತ್ತಿದರು. ಇನ್ನೊಮ್ಮೆ ಒತ್ತಿದರು. ಮೂವರೂ ಸರದಿಯಂತೆ ಒತ್ತಿದರು. ಅದು ಏಳಲಿಲ್ಲ.

"ಹೇಳಿದ್ನಲ್ಲ ಸರ್," ಎಂದ ಪರೀಕ್ಷಕ. ಅವನ ದನಿಯಲ್ಲಿ ಅಪರಾಧಿ ಭಾವಕ್ಕಿಂತ ತೃಪ್ತಿಯೇ ಹೆಚ್ಚಿತ್ತು. "ನಂಬೋಕಾಗಲ್ಲ."

ಸೇಲ್ಸ್‌ಮನ್ ಬಾಯಿ ತೆರೆಯುವುದರೊಳಗೆ ಮಾಲೀಕರು ತೆರೆದ ಕಾರಿನ ಚಾಲಕನ ಸೀಟಿಗೆ ಇಳಿದು ಕೂತಿದ್ದರು. "ಬೀಗದ ಕೈ ಕೊಡಿ. ನನ್ನ ಹಳೇ ಕಾರು ಇಲ್ಲೇ ಇರ್ಲಿ. ಹೀಗೇ ಓಡಿಸಿ ನೋಡ್ತೀನಿ. ರಿಪೇರಿ ಮಾತು ಬಂದ ಮೇಲೆ." ಆಮೇಲೆ ಪಕ್ಕದ ಸೀಟು ತಟ್ಟಿದರು. "ಹತ್ತಿ."

ಪರೀಕ್ಷಕನಿಗೆ ಆಗ ಹೊಳೆಯಿತು. ಮಾಲೀಕರ ತಲೆ ಉಳಿಸಲು ಮುಚ್ಚಿದ ಕಾರು ಎಂದವನು, ತನ್ನ ಕೈಯಾರೆ ತೆರೆದ ಕಾರನ್ನು ಮುಚ್ಚಲಾರದಂತೆ ಮಾಡಿ, ಅದರಲ್ಲಿ ಅವರನ್ನು ಕೂರಿಸಿದ್ದ.

ಊರ ಬೀದಿಗಳಲ್ಲಿ ಕಾರು ಮೆಲ್ಲಗೇ ಹೋಯಿತು. ಹೆದ್ದಾರಿ ಸಿಕ್ಕಿದ್ದೇ ಮಾಲೀಕರು ಕಾಲು ಒತ್ತಿದರು. ಗಾಳಿ ಎದ್ದಿತು. ಗಾಳಿಯನ್ನು ಅಳೆಯುವುದು ಪರೀಕ್ಷಕನಿಗೆ ಕೆನ್ನೆಯಿಂದಲೇ ಗೊತ್ತು. ಇದು ಸಾಧಾರಣ ಕೊಡೆ ತಡೆಯುವ ಗಾಳಿ. ಇದು ಒಳ್ಳೆಯ ಕೊಡೆ ತಡೆಯುವ ಗಾಳಿ. ಈಗ ಬರುತ್ತಿರುವುದು ಯಾವ ಕೊಡೆಯೂ ತಡೆಯದ ಗಾಳಿ. ಹಾಗಾದರೆ ವಿಗ್ಗು?

ಯೋಚಿಸಲು ಹೊತ್ತಿರಲಿಲ್ಲ. ಕಂಕುಳಲ್ಲಿದ್ದ ಕೊಡೆಯನ್ನು ಮುಂದಕ್ಕೆ ಚಾಚಿ, ಮಾಲೀಕರ ತಲೆಗೆ ಅಡ್ಡವಾಗಿ ಗುಂಡಿ ಒತ್ತಿಬಿಟ್ಟ.

ಕೊಡೆ ಬಿಚ್ಚಿತು. ಬಿಚ್ಚಿದ ಕ್ಷಣವೇ ಒಳಗಿನದು ಹೊರಗಾಗಿ, ತಲೆಕೆಳಗಾದ ಹೂವಿನಂತಾಗಿ, ಪರೀಕ್ಷಕನನ್ನು ಸೀಟಿನಿಂದ ಒಂದು ಗೇಣು ಮೇಲಕ್ಕೆತ್ತಿತು. ಅವನು ಕೈ ಬಿಟ್ಟ. ಕೊಡೆ ಹಾರಿ, ಹಿಂದೆ ಬಿಟ್ಟುಬಂದ ವೃತ್ತದಲ್ಲಿ ನಿಂತಿದ್ದ ಸಂಚಾರ ಪೊಲೀಸಿನವನ ಎದೆಗೆ ಅಪ್ಪಳಿಸಿತು. ಅವನು ಸೀಟಿ ಊದುವುದನ್ನು ಮರೆತು, ಎರಡೂ ಕೈಗಳಿಂದ ಅದನ್ನು ಅಪ್ಪಿಹಿಡಿದದ್ದು ಕನ್ನಡಿಯಲ್ಲಿ ಕಾಣಿಸಿತು.

"ಅದನ್ಯಾಕೆ ಬಿಚ್ಚಿದ್ರಿ?" ಎಂದು ಕೂಗಿದರು ಮಾಲೀಕರು.

"ಬಿಸಿಲು, ಸರ್!"

"ಮೋಡ ಇದೆಯಲ್ರೀ!"

"ಮಳೆ, ಸರ್!"

"ಅದಕ್ಕೆ ಮುದ್ರೆ ಹಾಕಿದ್ದು ಯಾರು?"

"ನಾನೇ, ಸರ್!"

ಮಾಲೀಕರು ಮತ್ತೆ ಕಾಲು ಒತ್ತಿದರು. ಮರಗಳು ಬೇಲಿಯಾದವು. ಪರೀಕ್ಷಕನ ಕೆನ್ನೆ ಪಟಪಟ ಬಡಿದುಕೊಂಡಿತು. ಅವನ ಸ್ವಂತ ಕೂದಲು ಪೊರಕೆಯಂತೆ ನೆಟ್ಟಗೆ ನಿಂತಿತು. ಕಣ್ಣು ಬಿಗಿಯಾಗಿ ಮುಚ್ಚಿ, ಏನೋ ಮೆತ್ತಗಿನದು ಬಂದು ಮುಖಕ್ಕೆ ಬಡಿಯುವುದನ್ನೇ ಕಾಯುತ್ತ ಕೂತ.

"ನೋಡಿ ನನ್ನ ಕಡೆ!"

ಅವನು ತಲೆ ಅಲ್ಲಾಡಿಸಿದ.

"ನೋಡಿ ಅಂದೆ!"

ಒಂದು ಕಣ್ಣು ತೆರೆದ. ಮಾಲೀಕರ ಕೂದಲು ಎದ್ದಿತ್ತು, ಹಾರಾಡುತ್ತಿತ್ತು, ಹಣೆಗೆ ಬಿದ್ದು ಮತ್ತೆ ಎದ್ದೇಳುತ್ತಿತ್ತು. ಆದರೆ ತಲೆ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಎಲ್ಲರ ಕೂದಲಿನಂತೆ ಅದೂ ತನ್ನ ಜಾಗದಲ್ಲೇ ಒದ್ದಾಡುತ್ತಿತ್ತು.

"ಏನು ಕಾಣ್ತಿದೆ?"

"ನೀವು, ಸರ್."

"ಮೇಲೆ?"

"ಕೂದಲು, ಸರ್." ಪರೀಕ್ಷಕನ ಎರಡನೆಯ ಕಣ್ಣೂ ತೆರೆಯಿತು. "ಕೂದಲು! ಸರ್, ಕೂದಲು!"

"ಹಾಂ," ಎಂದರು ಮಾಲೀಕರು. "ನನ್ನ ಬೆನ್ನ ಹಿಂದೆ ಏನೇನು ಮಾತಾಡ್ತಾರೆ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಈಗ ಹೀಗೇ ಕಾರ್ಖಾನೆಗೆ ಹೋಗೋಣ. ಎಲ್ಲರೂ ನೋಡ್ಲಿ."

ಪರೀಕ್ಷಕನ ಎದೆಯೊಳಗೆ ಎಷ್ಟೋ ವರ್ಷಗಳಿಂದ ಬಿಗಿದುಕೊಂಡಿದ್ದ ಸ್ಪ್ರಿಂಗೊಂದು ಸಡಿಲವಾಯಿತು. ಲೋಕದಲ್ಲಿ ಅನುಮಾನಕ್ಕೆ ಕಾರಣವಿಲ್ಲದ ವಸ್ತುಗಳೂ ಇವೆ ಎಂದು ಅವನಿಗೆ ಅನ್ನಿಸಿತು. ಮನೆಗೆ ಹೋದ ಮೇಲೆ ಹೆಂಡತಿ ಹೇಳಿದ ಬಣ್ಣದ ಪರದೆಯನ್ನೇ ತರಬೇಕು. ಕಿಟಕಿಯ ಬಳಿಯ ಆ ಕುರ್ಚಿಯಲ್ಲಿ ಕೂತು, ಹೊರಗೆ ಗಾಳಿ ಬೀಸುವುದನ್ನು ಗಾಜಿನ ಈಚೆಯಿಂದ ನೋಡಬೇಕು.

ಕಾರ್ಖಾನೆಯ ಅಂಗಳದಲ್ಲಿ ಅಷ್ಟರಲ್ಲೇ ಕೆಲಸ ನಿಂತಿತ್ತು. ಮೆಟ್ಟಿಲ ಮೇಲೆ, ಕಿಟಕಿಗಳಲ್ಲಿ, ರಾಶಿ ಹಾಕಿದ ಬಟ್ಟೆಯ ಉರುಳೆಗಳ ಮೇಲೆ ಜನ. ಕೆಂಪು ಕಾರು ಅಂಗಳಕ್ಕೆ ಒಂದು ಸುತ್ತು ಹಾಕಿತು. ಸಾಲದೆಂದು ಇನ್ನೊಂದು ಸುತ್ತು. ಕೆದರಿದ, ಆದರೆ ಪೂರ್ತಿಯಾಗಿದ್ದ ಆ ಕೂದಲಿನ ಜೊತೆಗೆ ಅಷ್ಟೂ ತಲೆಗಳು ಸುತ್ತಿದವು.

"ನಾನು ಹೇಳಿರ್ಲಿಲ್ವಾ!" ಎಂದಳು ಅಕ್ಕ, ಸೊಂಟಕ್ಕೆ ಕೈಯಿಟ್ಟು. "ಬಿಳಿ ಕೂದಲು ನೋಡಿದೀನಿ ಅಂತ!"

ನಾಸ್ತಿಕರು ನೆಲ ನೋಡಿದರು. ಒಂದು ಕ್ಷಣ ಎಲ್ಲ ಮುಗಿಯಿತು ಎನ್ನಿಸಿತು. ಆಮೇಲೆ ಜನರ ನಡುವಿನಿಂದ, ಕೇಳಿಸಬಾರದಷ್ಟು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳಿಸುವಷ್ಟು ಸ್ಪಷ್ಟವಾಗಿ ಕಡ್ಡಿಯ ದನಿ ಬಂತು.

"ಅಂಟು."

ತಲೆಗಳು ಎದ್ದವು.

"ಒಳ್ಳೇ ಅಂಟು ಇದ್ರೆ ಬಿರುಗಾಳಿಗೂ ಏಳಲ್ಲ. ನಮ್ಮ ಉಗ್ರಾಣದಲ್ಲಿ ಏನು ಅಂಟಿಗೆ ಬರವಾ?"

"ಏಯ್, ನಾನ್ಯಾರಿಗೂ ಕೊಟ್ಟಿಲ್ಲ!" ಎಂದು ಚೀರಿದ ಭಾವಮೈದ. ಯಾರೂ ಅವನ ಹೆಸರು ಹೇಳಿರಲಿಲ್ಲ. ಹೀಗಾಗಿ ಎಲ್ಲರೂ ಅವನನ್ನೇ ನೋಡಿದರು.

"ಬೆಳಗ್ಗೆ ಗಾಳಿ ಕೋಣೇಲಿ ಬಾಗಿಲು ಹಾಕ್ಕೊಂಡಿದ್ರಲ್ಲ ಇಬ್ಬರೂ," ಎಂದಿತು ಇನ್ಯಾವುದೋ ದನಿ. "ಅಲ್ಲೇ ಪರೀಕ್ಷೆ ಆಗಿದೆ. ಎಷ್ಟು ಗಾಳಿಗೆ ನಿಲ್ಲುತ್ತೆ ಅಂತ."

"ಭಾವ, ಭಾವಮೈದ ಸೇರ್ಕೊಂಡು—"

"ಪರೀಕ್ಷಕನಿಗೆ ಸುಮ್ನೆ ಕೋಣೆ ಸಿಗುತ್ತಾ?"

ಮಾಲೀಕರು ಎಂಜಿನ್ ನಿಲ್ಲಿಸಿದರು. ಬೂಟು ಕಾಲಲ್ಲೇ ಸೀಟಿನ ಮೇಲೆ ಹತ್ತಿ ನಿಂತರು. ಮುಖ ಕಾರಿನ ಬಣ್ಣಕ್ಕೆ ತಿರುಗಿತ್ತು.

"ಕಣ್ಣಾರೆ ನೋಡಿದ್ರೂ ನಂಬಲ್ಲ ಅಲ್ವಾ ನೀವು? ಯಾರು ಹೇಳಿದ್ರೆ ನಂಬ್ತೀರಿ? ಈ ಕಾರ್ಖಾನೆಯಲ್ಲಿ ಯಾರ ಮಾತಿಗೆ ಬೆಲೆ ಇದೆ?"

ನೋಟಗಳೆಲ್ಲ ಒಂದೊಂದಾಗಿ ಪಕ್ಕದ ಸೀಟಿನಲ್ಲಿ, ಪೊರಕೆಯಂಥ ಕೂದಲಿನೊಂದಿಗೆ ಕುಗ್ಗಿ ಕೂತಿದ್ದ ಮನುಷ್ಯನ ಮೇಲೆ ಬಂದು ನಿಂತವು. ಅವನನ್ನು ಅನುಮಾನಿಸುತ್ತಿದ್ದವರಿಗೂ ಅವನ ಮುದ್ರೆಯ ಬಗ್ಗೆ ಅನುಮಾನವಿರಲಿಲ್ಲ. ಅಕ್ಕ ತನ್ನ ಮಗಳಿಗೆ ಕೊಡೆ ಕೊಂಡಾಗಲೂ ಮೊದಲು ನೋಡಿದ್ದು ಅದನ್ನೇ. ಕಡ್ಡಿಯ ಮನೆಯಲ್ಲಿದ್ದದ್ದೂ ಅದೇ ಮುದ್ರೆಯ ಕೊಡೆ.

"ಸರಿ. ಇವರೇ ಹೇಳ್ಲಿ," ಎಂದರು ಮಾಲೀಕರು. "ಏಳಿ ಪರೀಕ್ಷಕರೇ. ಏಳಿ. ಈ ಕೂದಲು ಹಿಡೀರಿ. ಹಿಡಿದು ಎಳೀರಿ. ಜೋರಾಗಿ ಎಳೀರಿ! ಎಳೆದು, ಸರಿಯಾಗಿದೆ ಅಂತ ಈ ಜನಕ್ಕೆ ಒಂದು ಮಾತು ಹೇಳಿ. ಮುಖ್ಯ ಪರೀಕ್ಷಕರ ಕೋಣೆ ನಾಳೆಯಿಂದ ನಿಮ್ಮದು. ಎಲ್ಲರ ಮುಂದೆ ಹೇಳ್ತಿದೀನಿ."

ಅವರು ಸೀಟಿನ ಮೇಲೆಯೇ ಮಂಡಿಯೂರಿ, ತಲೆ ಬಗ್ಗಿಸಿ ಅವನ ಮುಂದೆ ಹಿಡಿದರು.

ಪರೀಕ್ಷಕ ಎದ್ದು ನಿಂತ. ಭಯವಾಗಲಿಲ್ಲ. ಹೆದ್ದಾರಿಯ ಅಷ್ಟು ಗಾಳಿಗೆ ನಿಂತ ಕೂದಲು ತನ್ನ ಒಂದು ಎಳೆತಕ್ಕೆ ನಿಲ್ಲದೇ? ಜೀವಮಾನದಲ್ಲಿ ಇಷ್ಟು ಸುಲಭದ ಪರೀಕ್ಷೆ ಅವನಿಗೆ ಬಂದಿರಲಿಲ್ಲ. ಜನರ ನಡುವೆ ಕಡ್ಡಿಯ ದಿಂಬಿನ ಮುಖ ಗಾಳಿ ಹೋದಂತೆ ಇಳಿಯುತ್ತಿತ್ತು. ಭಾವಮೈದ ಆಗಲೇ ಫೋನು ಕಿವಿಗಿಟ್ಟಿದ್ದ. ಅಕ್ಕ ಎರಡೂ ಕೈ ಜೋಡಿಸಿಕೊಂಡಿದ್ದಳು. ಪರೀಕ್ಷಕ ಬೆರಳುಗಳನ್ನು ಬಿಡಿಸಿ, ಆ ದಟ್ಟ ಕೂದಲಿನೊಳಗೆ ಇಳಿಸಿ, ಕೊಡೆಯ ಕಡ್ಡಿ ಹಿಡಿಯುವ ಹಾಗೆ ಒಂದು ಹಿಡಿ ಹಿಡಿದ. ಒಂದು ಕಾಲನ್ನು ಕಾರಿನ ಬಾಗಿಲಿಗೆ ಒತ್ತಿದ.

ಆಗ ಬಗ್ಗಿದ ತಲೆಯ ಕೆಳಗಿನಿಂದ, ಬೇರೆ ಯಾರಿಗೂ ಕೇಳಿಸದಂತೆ, ಒಂದು ಪಿಸುಮಾತು ಬಂತು.

"ಮೆಲ್ಲಗೆ."

ಪರೀಕ್ಷಕನ ಬೆರಳು ನಿಂತವು. ಕಿವಿಯ ಹುಯ್ ಸದ್ದಿನಲ್ಲಿ ತಪ್ಪು ಕೇಳಿಸಿತೇನೋ ಎಂದು ಬಗ್ಗಿದ.

"ಸ್ವಲ್ಪ ಮೆಲ್ಲಗೆ ಮಾರಾಯ್ರೇ," ಎಂದಿತು ಆ ದನಿ ಮತ್ತೆ. "ಮಧ್ಯಾಹ್ನ ತಾನೇ ಅಂಟು ಹಚ್ಚಿದ್ದು."

ಮೆಲ್ಲಗೆ ಎಳೆದರೆ ಕಿಟಕಿ, ಕುರ್ಚಿ, ಗಾಳಿಯಿಲ್ಲದ ಮಧ್ಯಾಹ್ನಗಳು. ಎಳೆಯಬೇಕಾದ ಹಾಗೆ ಎಳೆದರೆ ನಾಳೆ ಗಾಳಿ ಕೋಣೆಯೂ ಇಲ್ಲ. ಮೆಲ್ಲಗೆ ಎಳೆದು 'ಸರಿಯಾಗಿದೆ' ಎಂದರೆ ಈ ಅಂಗಳದಲ್ಲಿರುವ ಅಷ್ಟೂ ಜನ ನಂಬುತ್ತಿದ್ದರು. ಕಡ್ಡಿಯೂ ನಂಬುತ್ತಿದ್ದ. ತೊಂದರೆಯೇ ಅದು: ಸುಳ್ಳಿಗೆ ಅವನ ಮುದ್ರೆ ಬಿದ್ದಂತಾಗುತ್ತಿತ್ತು.

ಅವನು ಒಂದೊಂದೇ ಬೆರಳನ್ನು ಕೂದಲಿನಿಂದ ಬಿಡಿಸಿಕೊಂಡ. ಕಾಲನ್ನು ಬಾಗಿಲಿನಿಂದ ಕೆಳಗಿಳಿಸಿದ.

"ಯಾಕೆ ನಿಲ್ಲಿಸಿದ್ರಿ?" ಎಂದರು ಮಾಲೀಕರು ಗಟ್ಟಿಯಾಗಿ, ತಲೆ ಎತ್ತದೆ. "ಎಳೀರಿ! ಕೋಣೆ ಬೇಡ್ವಾ ನಿಮಗೆ?"

"ಬೇಡ ಸರ್," ಎಂದ ಪರೀಕ್ಷಕ. "ನಾನು ಎಳೆಯಲ್ಲ."